ಎಣಿಸದೆ ಒಂದು ಗಂಟೆ

ರೀನೋ ಊರಿನಲ್ಲಿ ಎಮೆಟ್ ಹಲ್ವರ್ಸನ್ ಕಾಲಿಡಬಾರದ ಜಾಗಗಳನ್ನು ಹೇಳುತ್ತ ಕೂತರೆ ಹೊತ್ತು ಮುಳುಗುತ್ತದೆ. ಕಾಲಿಡಬಹುದಾದ ಜಾಗಗಳನ್ನು ಹೇಳಿ ಮುಗಿಸುವುದೇ ವಾಸಿ. ಅವನ ಮನೆ, ಅಂಚೆ ಕಚೇರಿ, ಕ್ಷೌರದಂಗಡಿ, ಚರ್ಚು, ಫ್ರಿಜ್ಜಿನ ಬಿಡಿಭಾಗ ಮಾರುವ ಅಂಗಡಿ. ಮಿಕ್ಕ ಊರೆಲ್ಲ ಕ್ಯಾಸಿನೊ. ಅಗ್ಗದ ಊಟ ಸಿಗುವುದೂ ಅಲ್ಲೇ, ಹುಟ್ಟುಹಬ್ಬದ ಕೇಕು ಕತ್ತರಿಸುವುದೂ ಅಲ್ಲೇ, ಚಳಿಗಾಲದಲ್ಲಿ ಬಸ್ಸಿಗೆ ಕಾಯುವವರು ಕೈ ಬೆಚ್ಚಗೆ ಮಾಡಿಕೊಳ್ಳಲು ನುಗ್ಗುವುದೂ ಅಲ್ಲಿಗೇ. ಆ ಅಷ್ಟೂ ಬಾಗಿಲು ಎಮೆಟ್‌ನ ಪಾಲಿಗೆ ಮುಚ್ಚಿದ್ದವು. ಅವನು ಕದ್ದಿರಲಿಲ್ಲ, ಕುಡಿದು ಗಲಾಟೆ ಮಾಡಿರಲಿಲ್ಲ. ಇಸ್ಪೀಟಿನ ಎಲೆ ಎಣಿಸಿದ್ದ, ಅಷ್ಟೇ.

ಎಣಿಸುವವರ ಕಥೆ ಹೇಳುವವರಿಗೆ ಬರವಿಲ್ಲ. ಅವರೇ ಹೇಳಿಕೊಳ್ಳುತ್ತಾರೆ, ಬೇಡವೆಂದರೂ ಹೇಳುತ್ತಾರೆ. ಎಣಿಸುವವನನ್ನು ಕಟ್ಟಿಕೊಂಡು ಇಪ್ಪತ್ತಾರು ವರ್ಷ ಬಾಳಿದವಳ ಕಥೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವಳ ಹೆಸರು ವರ್ನಾ. ಕಾಪರ್ ಮ್ಯೂಲ್ ಎಂಬ ಕ್ಯಾಸಿನೊದೊಳಗಿನ ಕಾಫಿ ಅಂಗಡಿಯಲ್ಲಿ ಬಡಿಸುವ ಕೆಲಸ. ಕಾಲಿಗೆ ಬಿಳಿ ಬೂಟು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಮೂಗಿನ ತುದಿಯಲ್ಲಿ ಸಿಟ್ಟು.

ಎಮೆಟ್‌ನದು ಫ್ರಿಜ್ ರಿಪೇರಿ. ಕೈಗುಣ ಒಳ್ಳೆಯದಿತ್ತು. ಊರಿನ ದೊಡ್ಡ ದೊಡ್ಡ ಅಡುಗೆಮನೆಗಳ ಶೀತಲ ಕೋಣೆಗಳೆಲ್ಲ ಒಂದು ಕಾಲದಲ್ಲಿ ಅವನ ಕೈಯಲ್ಲೇ ಇದ್ದವು. ಆಮೇಲೆ ಯಾರೋ ಇಸ್ಪೀಟಿನ ಒಂದು ಪುಸ್ತಕ ಕೊಟ್ಟರು. ಕೊಟ್ಟವನ ಕೈ ಸೇದಿಹೋಗಲಿ ಎಂದು ವರ್ನಾ ಇವತ್ತಿಗೂ ಶಪಿಸುತ್ತಾಳೆ. ಬ್ಲ್ಯಾಕ್‌ಜಾಕ್ ಎಂಬ ಆಟವನ್ನು ಆ ಊರಿನವರು ಇಪ್ಪತ್ತೊಂದು ಎಂದೇ ಕರೆಯುತ್ತಾರೆ. ಕೈಯಲ್ಲಿನ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರಕ್ಕೆ ಬರಬೇಕು, ದಾಟಬಾರದು, ಹಂಚುವವಳ ಕೈಗಿಂತ ಮೇಲಿರಬೇಕು. ಪುಸ್ತಕದ ಉಪದೇಶ ಇಷ್ಟೇ: ಎರಡರಿಂದ ಆರರವರೆಗಿನ ಸಣ್ಣ ಎಲೆ ಮೇಜಿಗೆ ಬಿದ್ದರೆ ಮನಸ್ಸಿನಲ್ಲೇ ಒಂದು ಕೂಡಿಸು. ಹತ್ತೋ, ಗುಲಾಮನೋ, ರಾಣಿಯೋ, ರಾಜನೋ, ಎಕ್ಕವೋ ಬಿದ್ದರೆ ಒಂದು ಕಳೆ. ಲೆಕ್ಕ ಏರಿತೆಂದರೆ ಸಣ್ಣವು ಖಾಲಿಯಾಗಿ ದೊಡ್ಡವು ಕಟ್ಟಿನಲ್ಲಿ ಉಳಿದಿವೆ ಎಂದರ್ಥ, ಆಡುವವನಿಗೆ ಒಳ್ಳೆಯ ಗಳಿಗೆ, ಬಾಜಿ ಏರಿಸು. ಇಳಿಯಿತೆಂದರೆ ಬಾಯಿ ಮುಚ್ಚಿಕೊಂಡು, ದುಡ್ಡಿನ ಬದಲು ಅವರು ಕೊಡುವ ಬಿಲ್ಲೆ ಒಂದನ್ನೇ ಇಟ್ಟು ಕೂತಿರು. ಇದರಲ್ಲಿ ಮೋಸವೂ ಇಲ್ಲ, ಕಾನೂನಿನ ತಕರಾರೂ ಇಲ್ಲ. ಆದರೆ ಅಂಗಡಿ ಅವರದು, ಯಾರನ್ನು ಬೇಕಾದರೂ ಹೊರಗೆ ಹಾಕುತ್ತಾರೆ.

ಎಣಿಸುವುದನ್ನು ಕಲಿಯಲು ಎಲೆ ಹಂಚುವವರು ಬೇಕಲ್ಲ, ಅದಕ್ಕೆ ಸಿಕ್ಕವಳು ವರ್ನಾ. ಒಲೆಯ ಮೇಲೆ ಬೀನ್ಸು ಕುದಿಯುತ್ತಿರುವಾಗ, ಮಗಳು ಗ್ಲೆಂಡಾ ತೊಟ್ಟಿಲಲ್ಲಿ ಚೀರುತ್ತಿರುವಾಗ, ವರ್ನಾ ಒಂದು ಕೈಯಲ್ಲಿ ಸೌಟು ಹಿಡಿದು ಇನ್ನೊಂದು ಕೈಯಿಂದ ಎಲೆ ಎಸೆಯಬೇಕು. ರೇಡಿಯೊ ಜೋರಾಗಿ ಹಾಕಬೇಕು. ಕ್ಯಾಸಿನೊದ ಗದ್ದಲ ಅಭ್ಯಾಸವಾಗಲಿ ಎಂದು ಅವಳು ಅವನ ಜೊತೆ ಜಗಳವನ್ನೂ ಆಡಬೇಕು. ಜಗಳಕ್ಕೆ ಅವಳೇನೂ ತಯಾರಿ ಮಾಡಿಕೊಳ್ಳಬೇಕಾಗಿರಲಿಲ್ಲ.

"ಈ ತಿಂಗಳ ಕರೆಂಟ್ ಬಿಲ್ ಕಟ್ಟಿದ್ದೀಯಾ?" ಎನ್ನುತ್ತ ಅವಳು ರಾಣಿಯನ್ನು ಎಸೆಯುತ್ತಿದ್ದಳು.

"ಮೈನಸ್ ಎರಡು. ನಾಳೆ ಕಟ್ತೀನಿ."

"ನಿಮ್ಮಕ್ಕ ಮತ್ತೆ ಬರ್ತಾಳಂತೆ, ಇಡೀ ಜುಲೈ ಇರ್ತಾಳಂತೆ."

"ಮೈನಸ್ ಒಂದು. ಬರ್ಲಿ ಬಿಡು."

ಇದರಿಂದ ಸಂಸಾರಕ್ಕೆ ಏನು ಬಂತು? ಒಂದು ವಾರ ಗೆದ್ದು ಬರುತ್ತಿದ್ದ, ಎರಡು ವಾರ ಸೋತು ಬರುತ್ತಿದ್ದ. ಕೇಳಿದರೆ ಒಂದೇ ಮಾತು: "ದೂರಕ್ಕೆ ನೋಡ್ಬೇಕು ಕಣೇ, ದೂರಕ್ಕೆ. ದೂರ ಹೋದ್ರೆ ಲೆಕ್ಕ ನಮ್ಮ ಕಡೆಗೇ ವಾಲುತ್ತೆ."

"ಆ ದೂರ ಎಲ್ಲಿದೆ ಎಮೆಟ್? ಬಸ್ಸಲ್ಲಿ ಹೋಗ್ಬಹುದಾ?"

ದೂರಕ್ಕೆ ಹೋಗುವ ಮೊದಲೇ ಕ್ಯಾಸಿನೊಗಳು ಅವನನ್ನು ಗುರುತು ಹಿಡಿದವು. ಒಂದೊಂದಾಗಿ ಹೊರಗೆ ಹಾಕಿದವು. ಹೊರಗೆ ಹಾಕಿದವರು ಫ್ರಿಜ್ಜಿನ ಕೆಲಸಕ್ಕಾದರೂ ಯಾಕೆ ಕರೆದಾರು? ಅದೂ ಹೋಯಿತು. ಸುಮ್ಮನಿರಬಾರದೆ ಮಹಾನುಭಾವ? ವೇಷ ಹಾಕಲು ಶುರು ಮಾಡಿದ. ಒಮ್ಮೆ ದನಗಾಹಿಯ ಟೋಪಿ, ಒಮ್ಮೆ ಕಪ್ಪು ಕನ್ನಡಕ. ಕೊನೆಗೆ ಅಂಟಿಸಿಕೊಂಡ ಮೀಸೆ ಸೂಪಿನ ಬಟ್ಟಲಿಗೆ ಬಿದ್ದು, ಸೂಪು ಬಡಿಸಿದ ಹುಡುಗಿ ಅದನ್ನು ಹುಳವೆಂದು ಕಿಟಾರನೆ ಕಿರುಚಿ, ಆ ಆಟವೂ ಮುಗಿಯಿತು. ಆಮೇಲಿಂದ ಮಗಳ ಹುಟ್ಟುಹಬ್ಬಗಳಲ್ಲಿ ಅಮ್ಮ ಮಗಳು ಒಳಗೆ ಕೂತು ಊಟ ಮಾಡುವುದು, ಅಪ್ಪ ಹೊರಗೆ ಕಾರಿನಲ್ಲಿ ಕೂತು ಪೇಪರ್ ಓದುವುದು, ಕೊನೆಯಲ್ಲಿ ವರ್ನಾ ಒಂದು ತಟ್ಟೆಯ ಮೇಲೆ ಕಾಗದ ಮುಚ್ಚಿ ಕಾರಿಗೆ ತಂದುಕೊಡುವುದು, ಇದೇ ಪದ್ಧತಿಯಾಯಿತು. ತಟ್ಟೆ ತೆಗೆದುಕೊಂಡವನು ಊಟ ಹೇಗಿದೆ ಎಂದು ಹೇಳಿದ್ದಿಲ್ಲ. "ಒಳಗೆ ಎಷ್ಟು ಕಟ್ಟು ಸೇರಿಸಿ ಆಡಿಸ್ತಿದ್ದಾರೆ? ಎಷ್ಟು ಎಲೆ ಮಿಕ್ಕಾಗ ಕಲಸ್ತಾರೆ?" ಎಂದೇ ಕೇಳುತ್ತಿದ್ದ. "ನಾನು ನೋಡಿಲ್ಲ" ಎಂದು ಅವಳು ಕಾರಿನ ಬಾಗಿಲನ್ನು ದಡಾರನೆ ಹಾಕುತ್ತಿದ್ದಳು.

ಕಾಪರ್ ಮ್ಯೂಲ್ ಒಂದರಲ್ಲಿ ಆಡುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ. ಹೆಂಡತಿಯ ಅನ್ನದ ಜಾಗ ಅದು. ಆ ಮಾತೂ ಉಳಿಯಲಿಲ್ಲ. ಮೂರು ವರ್ಷದ ಹಿಂದೆ ಅಲ್ಲಿ ಎಣಿಸುವವರಿಗೆ ಹಬ್ಬವಾದ ಒಂದೇ ಕಟ್ಟಿನ ಆಟ ಶುರುವಾದಾಗ ತಡೆದುಕೊಳ್ಳಲಾರದೆ ಹೋಗಿ ಕೂತ. ವರ್ನಾ ಕೈಯಲ್ಲಿ ಮೂರು ತಟ್ಟೆ ಮೊಟ್ಟೆ ಹಿಡಿದು ಬರುತ್ತಿರುವಾಗಲೇ ಕಾವಲಿನ ಓಟಿಸ್ ಅವನ ಮೊಣಕೈ ಹಿಡಿದು ಅವಳ ಮುಂದೆಯೇ ಬಾಗಿಲಿಗೆ ಕರೆದುಕೊಂಡು ಹೋದ. ಎಮೆಟ್ ಅವಳನ್ನು ನೋಡಿ ಕೈ ಬೀಸಿದ. ಮೊಟ್ಟೆಯ ತಟ್ಟೆಗಳನ್ನು ಅವನ ತಲೆಗೆ ಎಸೆಯದೆ ಇದ್ದದ್ದು ತನ್ನ ಬಾಳಿನ ದೊಡ್ಡ ತಾಳ್ಮೆ ಎಂದು ಅವಳು ಹೇಳುತ್ತಾಳೆ, ನಾನೂ ಒಪ್ಪುತ್ತೇನೆ.

ಹೀಗಿರುವಾಗ ಎಂಬತ್ತನಾಲ್ಕರ ಬೇಸಿಗೆಯಲ್ಲಿ ಗ್ಲೆಂಡಾಳ ಮದುವೆ ಗೊತ್ತಾಯಿತು. ಹುಡುಗ ಟೈರಿನಂಗಡಿಯವನು, ಕ್ಯಾಥೊಲಿಕ್. ಅವರ ಚರ್ಚಿನಲ್ಲಿ ಮಾಡಿದರೆ ಎಮೆಟ್‌ನ ಅಕ್ಕ ಮುನಿಸಿಕೊಳ್ಳುತ್ತಾಳೆ, ಇವರ ಪಂಗಡದ ಚರ್ಚಿನಲ್ಲಿ ಮಾಡಿದರೆ ಹುಡುಗನ ತಾಯಿ ಅನ್ನ ಬಿಡುತ್ತಾಳೆ. ಊರಿನ ಒಳ್ಳೆಯ ಹಾಲ್‌ಗಳೆಲ್ಲ ಕ್ಯಾಸಿನೊಗಳ ಒಳಗೆ. ಕಾಪರ್ ಮ್ಯೂಲಿನಲ್ಲಿ ಹತ್ತು ವರ್ಷ ದುಡಿದವರ ಮಕ್ಕಳಿಗೆ ಮೇಲಿನ ಮಹಡಿಯ ಹಾಲ್ ಪುಕ್ಕಟೆ. ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಮಗಳ ಕೈ ಹಿಡಿದು ಪೀಠದವರೆಗೆ ಕರೆತರಬೇಕಾದ ಅಪ್ಪ ಆ ಕಟ್ಟಡದ ಹೊಸಿಲು ದಾಟುವಂತಿಲ್ಲ. ದಾಟಿದರೆ ಪೊಲೀಸರ ಕೈಗೆ.

"ಅಪ್ಪ ಇಲ್ದೆ ನಾನು ನಡೆಯಲ್ಲ," ಎಂದಳು ಗ್ಲೆಂಡಾ. ಹಟದಲ್ಲಿ ಅವಳು ಅಪ್ಪನ ಮಗಳೇ. "ನೀನು ಹೋಗಿ ಕೇಳಮ್ಮ. ಅವರ ಕಾಲು ಹಿಡಿ, ಏನಾದ್ರೂ ಮಾಡು."

"ತಪ್ಪು ಮಾಡೋನು ಅವನು, ಕಾಲು ಹಿಡಿಯೋಳು ನಾನು. ಭೇಷ್."

ಆದರೂ ಹೋದಳು. ಬ್ರಾಕೆಟ್ ಎಂಬುವವರು ಆಟದ ಮೇಜುಗಳ ಮೇಲ್ವಿಚಾರಕರು. ದಿನಾ ಬೆಳಗ್ಗೆ ಅವಳ ಕೈಯಿಂದಲೇ ಕಾಫಿ ಕುಡಿಯುವವರು. ನಗುವುದು ಕಡಿಮೆ, ಆದರೆ ಕೆಟ್ಟವರಲ್ಲ. ವರ್ನಾ ಲೋಟದ ಪಕ್ಕದಲ್ಲಿ ಕೇಳದೇ ಇದ್ದ ಚೆರ್ರಿ ಪೈ ಇಟ್ಟು ವಿಷಯ ತೆಗೆದಳು.

ಅವರು ಪೈ ಪೂರ್ತಿ ಮುಗಿಸಿದರು. ಆಮೇಲೆ ಬಾಯಿ ಒರೆಸಿಕೊಂಡು ಕೇಳಿದರು: "ವರ್ನಾ, ನಿನ್ನ ಗಂಡ ಎಣಿಸೋದು ಬಿಟ್ಟಿದ್ದಾನಾ?"

"ಬಿಟ್ಟಿದ್ದಾನೆ ಮಿಸ್ಟರ್ ಬ್ರಾಕೆಟ್. ಮೂರು ವರ್ಷ ಆಯ್ತು, ಎಲೆ ಮುಟ್ಟಿಲ್ಲ." ಇದು ಅರ್ಧ ನಿಜ. ಆಡಲು ಜಾಗವೇ ಇಲ್ಲದವನು ಇನ್ನೇನು ಮಾಡುತ್ತಾನೆ?

"ಮೇಲಿನವರಿಗೆ ಬಾಯಿಮಾತು ಸಾಲಲ್ಲ. ಒಂದು ಕೆಲಸ ಮಾಡೋಣ. ನಾಡಿದ್ದು ಬೆಳಗ್ಗೆ ಅವನನ್ನ ಕರ್ಕೊಂಡು ಬಾ. ಒಂದು ಗಂಟೆ ನಮ್ಮ ಮೇಜಲ್ಲಿ ಕೂತು, ಬೇರೆ ಗಿರಾಕಿಗಳ ಹಾಗೆ ಆಡ್ಲಿ. ಗೆಲ್ಲಲಿ ಸೋಲಲಿ, ನನಗೆ ಅದು ಬೇಡ. ಎಣಿಸಬಾರದು, ಅಷ್ಟೇ. ಚಾವಣಿಯ ಕನ್ನಡಿ ಹಿಂದೆ ಕೂತು ನಮ್ಮವರು ನೋಡ್ತಿರ್ತಾರೆ. ಎಣಿಸ್ತಿಲ್ಲ ಅಂತ ಅವರಿಗೆ ಅನ್ನಿಸಿದ್ರೆ, ಮದುವೆ ದಿನ ನಾನೇ ಬಾಗಿಲು ತೆಗೀತೀನಿ."

ಇದಕ್ಕಿಂತ ಸುಲಭದ ಪರೀಕ್ಷೆಯನ್ನು ಯಾರಾದರೂ ಇಡಲು ಸಾಧ್ಯವೇ? ಏನೋ ಮಾಡು ಎಂದರೆ ಕಷ್ಟ. ಏನೂ ಮಾಡಬೇಡ ಎಂದರೆ ಏನು ಕಷ್ಟ? ವರ್ನಾ ಮನೆಗೆ ಬಂದು ಗಂಡನನ್ನು ಎದುರಿಗೆ ಕೂರಿಸಿಕೊಂಡು, ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು.

"ಎಣಿಸಬೇಡ. ತಿಳೀತಾ? ಮೇಜಿನ ಮೇಲೆ ಯಾವ ಎಲೆ ಬಿದ್ರೂ ನಿನಗೆ ಸಂಬಂಧ ಇಲ್ಲ. ಬೇಸ್‌ಬಾಲ್ ನೆನಸ್ಕೊ. ನಿಮ್ಮಕ್ಕನ್ನ ನೆನಸ್ಕೊ."

"ನೀನು ಸುಮ್ನಿರು ವರ್ನಾ. ಅವರಿಗೆ ಒಂದು ಚೂರೂ ಅನುಮಾನ ಬರದ ಹಾಗೆ ಆಡ್ತೀನಿ," ಎಂದ ಎಮೆಟ್. ಅವನ ಮುಖದಲ್ಲಿ ಅವಳಿಗೆ ಚೆನ್ನಾಗಿ ಪರಿಚಯವಿದ್ದ ಒಂದು ಹೊಳಪು ಕಂಡಿತು. ಮೀಸೆ ಅಂಟಿಸಿಕೊಂಡ ದಿನವೂ ಅದೇ ಹೊಳಪಿತ್ತು. ಆಗಲೇ ಅವಳು ಕೇಳಬೇಕಿತ್ತು, ಕೇಳಲಿಲ್ಲ.

ಆ ಬೆಳಗ್ಗೆ ಎಮೆಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಓಟಿಸ್ ಬಾಗಿಲಲ್ಲಿ ಅವನ ಕೈ ಕುಲುಕಿ, "ಈ ಸಲ ನಾನು ನಿನ್ನ ಒಳಗೆ ಕರ್ಕೊಂಡು ಹೋಗ್ತಿದ್ದೀನಿ ನೋಡಪ್ಪ, ಕಾಲ ಹೇಗೆ ತಿರುಗ್ತು!" ಎಂದ. ವರ್ನಾಗೆ ಕೆಲಸದ ಹೊತ್ತು. ಕಾಫಿ ಅಂಗಡಿಯ ಗಾಜಿನಾಚೆ ಗಂಡನ ಬೆನ್ನು ಮತ್ತು ಅವನ ಮುಂದಿನ ಬಿಲ್ಲೆಗಳ ಗುಡ್ಡೆ ಮಾತ್ರ ಕಾಣುತ್ತಿತ್ತು, ಎಲೆಗಳು ಕಾಣುತ್ತಿರಲಿಲ್ಲ. ಗುಡ್ಡೆ ಕರಗುತ್ತಿತ್ತು. ಒಮ್ಮೆ ದೊಡ್ಡ ಬಾಜಿ ಕಟ್ಟಿ ಕಳೆದುಕೊಂಡ. ಮತ್ತೊಮ್ಮೆ ಕಟ್ಟಿದ, ಅದೂ ಹೋಯಿತು. ಪಕ್ಕದಲ್ಲಿದ್ದ ಹೆಂಗಸು ಪಾಪ ಎಂದು ಅವನ ಭುಜ ತಟ್ಟಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ವರ್ನಾ, ಗಂಡ ಸೋಲಲಿ ದೇವರೇ, ಚೆನ್ನಾಗಿ ಸೋಲಲಿ ಎಂದು ಬೇಡಿಕೊಂಡಳು. ಖುಷಿಯ ಭರದಲ್ಲಿ ಚಹಾ ಕೇಳಿದವನಿಗೆ ಎರಡು ಸಲ ಕಾಫಿ ಸುರಿದಳು.

ಗಂಟೆ ಮುಗಿಯಿತು. ಎಮೆಟ್ ಎದ್ದು, ಗಾಜಿನ ಕಡೆ ತಿರುಗಿ, ಖಾಲಿ ಕೈಗಳನ್ನು ಅಗಲಿಸಿ ತೋರಿಸಿ, ಹಲ್ಲು ಕಿಸಿಯುತ್ತ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬ್ರಾಕೆಟ್ ಕಾಫಿ ಅಂಗಡಿಗೆ ಬಂದರು. ವರ್ನಾ ಕೇಳದೆಯೇ ಪೈ ಇಟ್ಟಳು. ಅವರು ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಸೋತ," ಎಂದರು.

"ನಾನೂ ನೋಡ್ದೆ!"

"ಬಹಳ ಚೆನ್ನಾಗಿ ಸೋತ ವರ್ನಾ. ಅದೇ ತೊಂದರೆ." ಅವರು ಕತ್ತು ಸವರಿಕೊಂಡರು. "ಕನ್ನಡಿ ಹಿಂದೆ ಇರೋನು ಎಲೆ ಎಣಿಸ್ತಾ ಕೂತಿದ್ದ. ಲೆಕ್ಕ ಏರಿದಾಗೆಲ್ಲ ನಿನ್ನ ಗಂಡ ಒಂದೇ ಬಿಲ್ಲೆ ಇಟ್ಟ. ಲೆಕ್ಕ ಪಾತಾಳಕ್ಕೆ ಇಳಿದಾಗೆಲ್ಲ ಕೈತುಂಬ ಇಟ್ಟ. ಒಂದು ಸಲವೂ ತಪ್ಪಲಿಲ್ಲ. ಎಣಿಸದೆ ಇರೋನು ಹತ್ತು ಸಲದಲ್ಲಿ ನಾಲ್ಕೈದು ಸಲನಾದ್ರೂ ಗೊತ್ತಿಲ್ದೆ ಸರಿ ಮಾಡ್ತಾನೆ. ಇಷ್ಟು ಸರಿಯಾಗಿ ತಪ್ಪು ಮಾಡ್ಬೇಕು ಅಂದ್ರೆ ಎಣಿಸ್ಲೇಬೇಕು."

ವರ್ನಾಗೆ ಕೈಯಲ್ಲಿದ್ದ ಕಾಫಿ ಜಗ್ಗು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಸೋತನಲ್ಲ ಮಿಸ್ಟರ್ ಬ್ರಾಕೆಟ್! ದುಡ್ಡು ನಿಮಗೇ ಬಂತಲ್ಲ! ಇದರಿಂದ ನಿಮಗೇನು ನಷ್ಟ?"

"ಇವತ್ತು ತಲೆಕೆಳಗು ಮಾಡಿದ. ನಾಳೆ ನೆಟ್ಟಗೆ ಮಾಡ್ತಾನೆ. ಮೇಲಿನವರು ಅದನ್ನೇ ಹೇಳ್ತಾರೆ. ನಾನು ಅವನ ಪರವಾಗೇ ಮಾತಾಡ್ದೆ, ಗೊತ್ತಾ?" ಅವರು ಎದ್ದರು. "ಬಾಗಿಲ ತನಕ ಬರ್ಲಿ. ಫುಟ್‌ಪಾತ್ ಊರಿನದು, ಅದಕ್ಕೆ ಯಾರೂ ಏನೂ ಅನ್ನಲ್ಲ. ಒಳಗೆ ಮಾತ್ರ ಬೇಡ."

ವರ್ನಾ ಮೇಲುಡುಪನ್ನೂ ಬಿಚ್ಚದೆ ಹೊರಗೆ ಓಡಿದಳು. ಎಮೆಟ್ ಬೀದಿಯಾಚೆಯ ಬಸ್ ನಿಲ್ದಾಣದ ಬೆಂಚಿನಲ್ಲಿ ಗೆದ್ದವನ ಹಾಗೆ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ.

"ಹೇಗಿತ್ತು? ನೋಡಿದ್ಯಾ? ಪಕ್ಕದವಳು ಅಳೋದೊಂದು ಬಾಕಿ!"

"ಎಣಿಸಿದ್ಯಾ?"

"ಸೋಲೋಕೆ ಎಣಿಸ್ದೆ ಕಣೇ! ಸುಮ್ನೆ ಆಡಿದ್ರೆ ಅಪ್ಪಿತಪ್ಪಿ ಗೆದ್ದುಬಿಟ್ರೆ? ಅನುಮಾನ ಬರಲ್ವಾ? ಅದಕ್ಕೇ ಲೆಕ್ಕ ನೋಡ್ಕೊಂಡು, ತಿರುಗಾಮುರುಗಾ ಮಾಡಿ—"

ಮುಂದಿನ ಮಾತುಗಳನ್ನು ಇಲ್ಲಿ ಬರೆಯಲಾರೆ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಮುದುಕಿಯರು ಎದ್ದು ಇನ್ನೊಂದು ನಿಲ್ದಾಣಕ್ಕೆ ನಡೆದರು. ಫ್ರಿಜ್ಜಿನ ಕೆಲಸ, ಕಾರಿನಲ್ಲಿ ತಿಂದ ಊಟ, ಸೂಪಿನ ಮೀಸೆ, ಮೂರು ತಟ್ಟೆ ಮೊಟ್ಟೆ, ಎಲ್ಲವನ್ನೂ ವರ್ನಾ ನಡುಬೀದಿಯಲ್ಲಿ ಹರಡಿದಳು. "ಒಂದು ಗಂಟೆ! ಹೆತ್ತ ಮಗಳಿಗಾಗಿ ಒಂದೇ ಒಂದು ಗಂಟೆ ಸುಮ್ನೆ ಕೂರೋಕೆ ಆಗಲಿಲ್ವಾ ನಿನಗೆ? ಎಣಿಸು ಅಂತ ನಿನ್ನ ಕತ್ತು ಹಿಡಿದಿದ್ರಾ ಯಾರಾದ್ರೂ?"

ಎಮೆಟ್‌ನ ಕಾಲು ಕೆಳಗಿಳಿದಿತ್ತು. ಮುಖದ ಹೊಳಪು ಹೋಗಿತ್ತು. ಮೆಲ್ಲಗೆ ಹೇಳಿದ: "ಮೊದಲು ಪ್ರಯತ್ನ ಪಟ್ಟೆ ವರ್ನಾ. ದೇವರಾಣೆ. ಬೇಸ್‌ಬಾಲ್ ನೆನಸ್ಕೊಂಡೆ. ಅಕ್ಕನ್ನ ನೆನಸ್ಕೊಂಡೆ. ಅದು ಒಳಗೆ ತಾನಾಗೇ ನಡೀತಾ ಇರುತ್ತೆ ಕಣೇ, ನಿಲ್ಲಲ್ಲ. ಹೇಗೂ ನಿಲ್ಲಲ್ಲ ಅಂದ್ಮೇಲೆ, ಅದನ್ನೇ ಸೋಲೋಕೆ ಹಚ್ಚೋಣ ಅಂದ್ಕೊಂಡೆ."

"ನಿಲ್ಲಲ್ಲವಂತೆ! ನಿಲ್ಲಿಸೋ ಮನಸ್ಸಿಲ್ಲ ಅನ್ನು. ಹಟ ಅನ್ನು."

ಅವಳು ಅದನ್ನು ನಂಬಲಿಲ್ಲ. ಎಣಿಸುವುದೇನು ಬಿಕ್ಕಳಿಕೆಯೇ, ತಾನಾಗಿ ಬರಲು?

ಮದುವೆಯ ಮುಂಚಿನ ದಿನಗಳಲ್ಲಿ ಮನೆ ಮನೆಯಾಗಿರಲಿಲ್ಲ. ವರ್ನಾ ಪಾತ್ರೆಗಳನ್ನು ಕುಕ್ಕಿ ಇಡುತ್ತಿದ್ದಳು. ಗ್ಲೆಂಡಾ ಒಂದು ದಿನ ಅಪ್ಪನ ಮೇಲೆ ಕೂಗಾಡಿದಳು, ಮರುದಿನ ಅಪ್ಪನನ್ನು ಬೈದಿದ್ದಕ್ಕೆ ಅಮ್ಮನ ಮೇಲೆ ಕೂಗಾಡಿದಳು. ಹಾಲ್ ಬದಲಿಸಲು ಹೊತ್ತು ಮೀರಿತ್ತು. ಹುಡುಗನ ಕಡೆಯವರು ದೂರದ ಎಲ್ಕೋ ಊರಿನಿಂದ ಹೊರಟಾಗಿತ್ತು. ಕೊನೆಗೆ ಶುಕ್ರವಾರ ಗ್ಲೆಂಡಾ ಅಪ್ಪನ ಎದುರು ನಿಂತು ಹೇಳಿದಳು: "ನೀನು ಎಲ್ಲಿ ತನಕ ಬರಬಹುದೋ ಅಲ್ಲಿ ತನಕ ನನ್ನ ಜೊತೆ ನಡಿ. ಮಿಕ್ಕಿದ್ದು ಅಮ್ಮ ನೋಡ್ಕೋತಾಳೆ." ಎಮೆಟ್ ತಲೆಯಾಡಿಸಿ ಗ್ಯಾರೇಜಿಗೆ ಹೋದ. ಒಂದು ಹಳೆಯ ಕಂಪ್ರೆಸರನ್ನು ಕಾರಣವಿಲ್ಲದೆ ಬಿಚ್ಚಿ ಮತ್ತೆ ಜೋಡಿಸಿದ.

ಶನಿವಾರ ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಅಪ್ಪ ಮಗಳು ಕಾರು ನಿಲ್ಲಿಸಿದ ಜಾಗದಿಂದ ವರ್ಜೀನಿಯಾ ಬೀದಿಯ ಫುಟ್‌ಪಾತಿನ ಮೇಲೆ, ಚರ್ಚಿನ ನಡುದಾರಿಯಲ್ಲಿ ನಡೆಯುವಷ್ಟೇ ನಿಧಾನವಾಗಿ, ಕೈಯಲ್ಲಿ ಕೈ ಸೇರಿಸಿ ಬಂದರು. ವರ್ನಾ ಎರಡು ಹೆಜ್ಜೆ ಹಿಂದೆ ಮಗಳ ಉಡುಪಿನ ತುದಿ ಎತ್ತಿ ಹಿಡಿದಿದ್ದಳು. ಜೂಜಿನ ಯಂತ್ರಕ್ಕೆ ಹಾಕುವ ನಾಣ್ಯಗಳನ್ನು ಕಾಗದದ ಲೋಟದಲ್ಲಿ ಹಿಡಿದ ಪ್ರವಾಸಿಗರು ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು. ಯಾರೋ ಒಬ್ಬ, "ಅದೃಷ್ಟ ಚೆನ್ನಾಗಿರ್ಲಿ!" ಎಂದು ಕೂಗಿದ. ಎಮೆಟ್ ಅತ್ತ ನೋಡಲಿಲ್ಲ. ಬಾಗಿಲ ಬಳಿ ಓಟಿಸ್ ಎರಡೂ ಕದ ತೆರೆದು ಟೋಪಿ ಕಳಚಿ ನಿಂತಿದ್ದ. ಹೊಸಿಲಿನಲ್ಲಿ ಒಂದು ಹಿತ್ತಾಳೆ ಪಟ್ಟಿ. ಅದಕ್ಕೆ ಒಂದು ಗೇಣು ಈಚೆಗೆ ಎಮೆಟ್‌ನ ಪಾಲಿಶ್ ಮಾಡಿದ ಬೂಟು ನಿಂತಿತು. ಅವನು ಮಗಳ ಹಣೆಗೆ ಮುತ್ತಿಟ್ಟು, ಅವಳ ಕೈಯನ್ನು ತೆಗೆದು ವರ್ನಾಳ ಕೈಯಲ್ಲಿಟ್ಟ.

"ನಿಧಾನ," ಎಂದ. "ಒಳಗೆ ಕಾರ್ಪೆಟ್ ಜಾರುತ್ತೆ."

ವರ್ನಾಗೆ ಅಳು ಬಂತು. ಅಳು ಬಂದಿದ್ದಕ್ಕೆ ಇನ್ನೂ ಸಿಟ್ಟು ಬಂತು. ಈ ಗಂಡಸು ಈಗ ಮಗಳ ಜೊತೆ ಒಳಗೆ ನಡೆಯುತ್ತಿರಬೇಕಿತ್ತು. ಒಂದೇ ಒಂದು ಗಂಟೆಯನ್ನು ಕಳೆಯಲಾರದೆ ಇದನ್ನೆಲ್ಲ ಕಳೆದುಕೊಂಡ.

ಬಾಗಿಲಿನಿಂದ ಮೆಟ್ಟಿಲಿಗೆ ಹೋಗಲು ಆಟದ ಮೇಜುಗಳ ನಡುವೆಯೇ ಹಾದು ಹೋಗಬೇಕು. ಬೇರೆ ದಾರಿ ಇರಬಾರದೆಂದೇ ಆ ಕಟ್ಟಡಗಳನ್ನು ಕಟ್ಟುತ್ತಾರೆ. ದಿನಾ ಆ ದಾರಿಯಲ್ಲಿ ವರ್ನಾ ತಟ್ಟೆಗಳ ಮೇಲೆ ಕಣ್ಣಿಟ್ಟು ದಡಬಡನೆ ಓಡಾಡಿದವಳು, ಮೇಜುಗಳನ್ನು ನೋಡಿದವಳಲ್ಲ. ಇವತ್ತು ಕೈಯಲ್ಲಿ ತಟ್ಟೆಯಿಲ್ಲ, ನಡಿಗೆ ಮದುವೆಯ ನಡಿಗೆ. ಎಡಗಡೆಯ ಎರಡನೆಯ ಮೇಜಿನಲ್ಲಿ ಆಗಷ್ಟೇ ಹೊಸದಾಗಿ ಕಲಸಿ ಹಂಚಿ, ಒಂದು ಸುತ್ತು ಮುಗಿದು, ಆರು ಜನರೂ ತಮ್ಮ ಎಲೆಗಳನ್ನು ಮಗುಚುತ್ತಿದ್ದರು. ಹಂಚುವವಳು ವರ್ನಾಳ ಪರಿಚಯದವಳೇ. ಮದುಮಗಳನ್ನು ನೋಡುತ್ತ ಎಲೆಗಳನ್ನು ಬಾಚುವುದನ್ನೇ ಮರೆತಳು. ನಾಲ್ಕು, ಐದು, ರಾಣಿ, ಎರಡು, ಆರು, ಮತ್ತೊಂದು ಐದು, ಮೂರು, ಇನ್ನೊಂದು ನಾಲ್ಕು, ಇನ್ನೊಂದು ಎರಡು.

"ಅಮ್ಮ," ಎಂದು ಗ್ಲೆಂಡಾ ಮುಸುಕಿನೊಳಗಿಂದ ಪಿಸುಗುಟ್ಟಿದಳು. "ನಿನ್ನ ತುಟಿ ಅಲ್ಲಾಡ್ತಿದೆ."

"ಪ್ರಾರ್ಥನೆ ಮಾಡ್ತಿದ್ದೀನಿ."

"ಪ್ರಾರ್ಥನೆಯಲ್ಲಿ ಪ್ಲಸ್ ಏಳು ಅಂತ ಎಲ್ಲಿ ಬರುತ್ತೆ?"

ವರ್ನಾ ತುಟಿ ಕಚ್ಚಿದಳು. ಮೇಲೆ ನೇತಾಡುವ ದೀಪಗಳನ್ನು ನೋಡಿದಳು. ಮಗಳ ಹೂಗುಚ್ಛ ನೋಡಿದಳು. ಎಮೆಟ್‌ನ ಅಕ್ಕನನ್ನು ನೆನೆದಳು. ಮುಂದಿನ ಮೇಜು ಕಣ್ಣಂಚಿಗೆ ಬಂತು, ರಾಜ, ಹತ್ತು, ಮೂರು, ಮತ್ತೆ ಅವಳ ತಲೆಯೊಳಗೆ ಆ ಲೆಕ್ಕ ಏರುತ್ತ ಇಳಿಯುತ್ತ ಹೊರಟಿತು. ಬೀನ್ಸು ಕುದಿಯುತ್ತಿದ್ದ ಆ ಸಂಜೆಗಳಲ್ಲಿ ಎಲೆ ಎಸೆದದ್ದು ಮಾತ್ರ ತಾನೆಂದು ಅವಳು ತಿಳಿದಿದ್ದಳು. ನಿಲ್ಲು, ಇವತ್ತೊಂದು ದಿನ ನಿಲ್ಲು ಎಂದು ಮನಸ್ಸಿನಲ್ಲೇ ಗದರಿದಳು. ಅದು ನಿಲ್ಲಲಿಲ್ಲ. ಮಗಳು ಮುಸುಕಿನೊಳಗೆ ನಗು ತಡೆಯಲಾರದೆ ಅಲುಗುತ್ತಿದ್ದಳು. ವರ್ನಾಗೆ ಮಾತ್ರ ನಗು ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಅವನಿಗೆ ಏನೆಲ್ಲ ಅಂದಿದ್ದಳು!

ಮದುವೆ ಮುಗಿಯಿತು. ಪಾದ್ರಿ ಹುಡುಗನ ಹೆಸರನ್ನು ತಪ್ಪಾಗಿ ಹೇಳಿದ. ಹುಡುಗನ ತಾಯಿ ಎಮೆಟ್‌ನ ಅಕ್ಕನ ಜೊತೆ ಮಾತಾಡಿದಳು, ಅದೂ ನಗುತ್ತ. ಕುಣಿತ ಶುರುವಾದಾಗ ವರ್ನಾ ಒಂದು ತಟ್ಟೆಗೆ ಹುರಿದ ಮಾಂಸ, ಆಲೂಗಡ್ಡೆ, ಕೇಕಿನ ದೊಡ್ಡ ತುಂಡು ಹಾಕಿ, ಕಾಗದ ಮುಚ್ಚಿ ಕೆಳಗಿಳಿದಳು. ಮೇಜುಗಳ ನಡುವೆ ಬರುವಾಗ ಕಣ್ಣನ್ನು ತಟ್ಟೆಯ ಮೇಲೆ ಗಟ್ಟಿಯಾಗಿ ನೆಟ್ಟಿದ್ದಳು.

ಎಮೆಟ್ ಅದೇ ಬೆಂಚಿನಲ್ಲಿ ಟೈ ಸಡಿಲಿಸಿ ಕೂತಿದ್ದ. ಮೇಲಿನ ಕಿಟಕಿಗಳಿಂದ ಅಕಾರ್ಡಿಯನ್ನಿನ ದನಿ ಬೀದಿಗೆ ಬರುತ್ತಿತ್ತು. ತಟ್ಟೆ ತೆಗೆದುಕೊಂಡ.

"ಅತ್ತಳಾ?"

"ಇಲ್ಲ. ನಕ್ಕಳು. ಮೆಟ್ಟಿಲ ತನಕ ನಗ್ತಾನೇ ಬಂದಳು."

"ಹೌದಾ?" ಅವನ ಕಣ್ಣು ತುಂಬಿತು. "ಒಳ್ಳೇದಾಯ್ತು. ಮಾಂಸ ಚೆನ್ನಾಗಿದೆ."

ಮೇಜುಗಳ ಬಗ್ಗೆ ಒಂದು ಮಾತು ಕೇಳಲಿಲ್ಲ. ಎಷ್ಟು ಕಟ್ಟು, ಯಾವಾಗ ಕಲಸುತ್ತಾರೆ, ಯಾವುದನ್ನೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಇದೇ ಮೊದಲು. ಅವನು ಫೋರ್ಕಿನಿಂದ ಆಲೂಗಡ್ಡೆ ಮುರಿಯುತ್ತ ಕಿಟಕಿಗಳನ್ನೇ ನೋಡುತ್ತಿದ್ದ. ವರ್ನಾ ಕಾದಳು. ಕೇಳಿದರೆ ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವನು ಕೇಳಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ಎಡಗಡೆ ಎರಡನೇ ಮೇಜು," ಎಂದಳು. ದನಿ ಅವಳಿಗೇ ತನ್ನದೆನಿಸಲಿಲ್ಲ. "ಮೊದಲನೇ ಸುತ್ತಿಗೇ ಪ್ಲಸ್ ಏಳಕ್ಕೆ ಏರಿತ್ತು. ಒಂದೇ ಕಟ್ಟು. ಕೊನೇಲಿ ಕೂತಿದ್ದ ಮುದುಕ ಮತ್ತೆ ಅದೇ ಒಂದು ಬಿಲ್ಲೆ ಇಟ್ಟ, ಎಮೆಟ್. ಒಂದೇ ಒಂದು ಬಿಲ್ಲೆ."

ಎಮೆಟ್‌ನ ಫೋರ್ಕು ಗಾಳಿಯಲ್ಲಿ ನಿಂತಿತು. ಅವನು ಹೆಂಡತಿಯ ಮುಖವನ್ನು ನೋಡಿದ. ನಗಲಿಲ್ಲ, ನೋಡಿದೆಯಾ ಎನ್ನಲಿಲ್ಲ.

"ನಿಲ್ಲಲ್ಲ ಕಣೋ ಇದು," ಎಂದು ವರ್ನಾ ರೇಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಹಾಳಾದವನೇ, ನನಗೂ ಅಂಟಿಸಿಬಿಟ್ಟಿದ್ದೀಯ."

ಎಮೆಟ್ ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಬಿಟ್ಟ. ಅವಳು ಕೂತಳು. ಅವನು ಕೇಕನ್ನು ಎರಡು ಭಾಗ ಮಾಡಿ ದೊಡ್ಡದನ್ನು ಅವಳ ಕಡೆಗೆ ತಳ್ಳಿದ.